ಮಾಣಿಯ ಮೀನಿನ ಮುಳ್ಳು

ಒಂದು ಕೆಲಸದ ಗಂಧಗಾಳಿ ಇಲ್ಲದವರು ಅದನ್ನು ಅಜಾಗ್ರತೆಯಿಂದ ಕೆಡಿಸುತ್ತಾರೆ ಎಂದು ಲೋಕ ನಂಬಿದೆ. ನನ್ನ ಅನುಭವ ಬೇರೆ. ಏನೂ ಗೊತ್ತಿಲ್ಲದವರು ವಿಪರೀತ ಜಾಗ್ರತೆ ಮಾಡಿಯೇ ಕೆಡಿಸುವುದು. ನಮ್ಮ ದೊಡ್ಡಪ್ಪ ಮನೆಗೆ ಮೊದಲ ಸಲ ಕುಕ್ಕರ್ ತಂದಾಗ ಅದೆಲ್ಲಿ ಸಿಡಿದೀತೋ ಎಂದು ಎರಡೆರಡು ನಿಮಿಷಕ್ಕೆ ಒಲೆಯಿಂದ ಇಳಿಸಿ, ಆರಿಸಿ, ಮತ್ತೆ ಇಡುತ್ತಿದ್ದರು. ಮಧ್ಯಾಹ್ನ ಮೂರು ಗಂಟೆಯಾದರೂ ಒಳಗಿನ ಅಕ್ಕಿ ಅಕ್ಕಿಯಾಗಿಯೇ ಇತ್ತು. ಮನೆಮಂದಿಯೆಲ್ಲ ಹಸಿದುಕೊಂಡೇ ನಕ್ಕೆವು. ಈಗ ಹೇಳಹೊರಟಿರುವುದೂ ಅಂಥದೇ ಜಾಗ್ರತೆಯ ಕತೆ. ಆದರೆ ಇಲ್ಲಿ ಕೆಟ್ಟದ್ದು ಬರೀ ಅನ್ನವಲ್ಲ, ಹಾಗಾಗಿ ನಗುವುದು ನನಗೆ ಸ್ವಲ್ಪ ಕಷ್ಟ.

ನಾನು ಪಕ್ಷಿಧಾಮವೊಂದರ ಕಾವಲುಗಾರ. ಆನಂದಪುರದಿಂದ ಹೊಸನಗರದ ದಿಕ್ಕಿಗೆ ಒಳರಸ್ತೆ ಹಿಡಿದು ಹೋದರೆ ಒಂದು ದೊಡ್ಡ ಕೆರೆ ಸಿಗುತ್ತದೆ. ನೀರಿನ ನಡುವೆ ಮರಗಳು, ಮರಗಳ ಮೇಲೆ ಹಕ್ಕಿಗಳು, ದಡದಲ್ಲಿ 'ಮೀನು ಹಿಡಿಯುವುದನ್ನು ನಿಷೇಧಿಸಿದೆ' ಎಂಬ ಬೋರ್ಡು, ಬೋರ್ಡಿನ ಕೆಳಗೆ ಒಂದು ಕುರ್ಚಿ, ಕುರ್ಚಿಯ ಮೇಲೆ ನಾನು. ಹವ್ಯಕ ಬ್ರಾಹ್ಮಣರ ಮಾಣಿ ಪೌರೋಹಿತ್ಯ ಮಾಡಬಹುದಿತ್ತು, ಅಡುಗೆಗೆ ಹೋಗಬಹುದಿತ್ತು, ಕೊಕ್ಕರೆ ಕಾಯುವುದಕ್ಕೆ ಹೋದನಲ್ಲ ಎಂದು ನೆಂಟರು ಮೊದಮೊದಲು ಬೇಸರಪಟ್ಟುಕೊಂಡರು. ಆಮೇಲೆ ಮದುವೆ ಮುಂಜಿಗಳಲ್ಲಿ ನನ್ನನ್ನು ಕಂಡಾಗ, ಕೊಕ್ಕರೆಗಳೆಲ್ಲ ಸೌಖ್ಯವೋ ಎಂದು ವಿಚಾರಿಸುವಷ್ಟು ಹೊಂದಿಕೊಂಡರು. ಮಗಳನ್ನು ತೀರ್ಥಹಳ್ಳಿಗೆ ಕೊಟ್ಟಾಗಿದೆ. ಕೆರೆಯ ಪಕ್ಕದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾನು ಮತ್ತು ನನ್ನ ಹೆಂಡತಿ ನಾಗವೇಣಿ ಇಬ್ಬರೇ. ನನ್ನ ಜೊತೆಗೆ ಕೆಲಸ ಮಾಡುವವನು ಚೌಡಪ್ಪ, ಕೆರೆಯ ಆಚೆ ದಡದ ಊರಿನವನು. ನಾನು ಹಕ್ಕಿಗಳ ವಿಚಾರವನ್ನು ಪುಸ್ತಕದಲ್ಲಿ ಓದಿ ತಿಳಿದವನು, ಅವನು ನೋಡಿ ತಿಳಿದವನು. ಆದ್ದರಿಂದ ಪ್ರವಾಸಿಗರಿಗೆ ವಿವರಣೆ ಕೊಡುವ ಕೆಲಸ ನನ್ನದು, ಉಳಿದ ಕೆಲಸವೆಲ್ಲ ಅವನದು.

ಕ್ಯಾಲೆಂಡರ್ ನೋಡದೆಯೂ ನಮ್ಮಲ್ಲಿ ತಿಂಗಳು ತಿಳಿಯುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಬೆಳ್ಳಕ್ಕಿ, ನೀರುಕಾಗೆಗಳು ಬಂದು ಕಡ್ಡಿಗಾಗಿ ಜಗಳ ಶುರುಮಾಡುತ್ತವೆ. ಒಂದು ಹಕ್ಕಿ ತಂದಿಟ್ಟ ಕಡ್ಡಿಯನ್ನು ಪಕ್ಕದ್ದು ಕದಿಯುತ್ತದೆ, ಅದರದ್ದನ್ನು ಮತ್ತೊಂದು. ಒಟ್ಟಿನಲ್ಲಿ ನೂರಾರು ಗೂಡು ಆಗುತ್ತವೆ. ಆಷಾಢದ ಗಾಳಿಗೆ ಮೊಟ್ಟೆ ಮರಿಗಳು ಬೀಳುತ್ತವೆ. ನವರಾತ್ರಿಯ ವೇಳೆಗೆ ಮರಿಗಳು ಕೊಂಬೆಯ ಮೇಲೆ ನಿಂತು ರೆಕ್ಕೆ ಬಡಿಯುವುದನ್ನು ಕಲಿಯುತ್ತವೆ. ಕಾರ್ತಿಕದಲ್ಲಿ ಒಂದೊಂದೇ ಗುಂಪು ಏಳುತ್ತದೆ. ಆಮೇಲೆ ಚಳಿಗೆ ಎಲ್ಲಿಂದಲೋ ಬಾತುಗಳು ಬಂದು ಒಂದಿಷ್ಟು ದಿನ ಇದ್ದು ಹೋಗುತ್ತವೆ. ಬೇಸಿಗೆಯಲ್ಲಿ ಕೆರೆ ಇಳಿದು, ಎಮ್ಮೆಗಳೂ ನಾನೂ ಉಳಿಯುತ್ತೇವೆ.

ಬಿದ್ದ ಮರಿಗಳ ವಿಚಾರ ಹೇಳಿದೆನಲ್ಲ, ಅವುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ನೀರಿಗೆ ಬಿದ್ದದ್ದು ಮುಳುಗುತ್ತದೆ, ದಡಕ್ಕೆ ಬಿದ್ದದ್ದು ನಾಯಿಯ ಬಾಯಿಗೆ ಹೋಗುತ್ತದೆ. ನಾನು ಅದನ್ನು ಪ್ರಕೃತಿಯ ನಿಯಮ ಎಂದು ಪ್ರವಾಸಿಗರಿಗೆ ಗಂಭೀರವಾಗಿ ವಿವರಿಸಿಕೊಂಡು ಬಂದಿದ್ದೆ. ಹೋದ ವರ್ಷ ಒಂದು ಬೆಳ್ಳಕ್ಕಿ ಮರಿ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ ಬಂದು ಬಿತ್ತು. ಮೈಮೇಲೆ ಪುಕ್ಕಕ್ಕಿಂತ ಚರ್ಮವೇ ಹೆಚ್ಚು, ತಲೆಯ ಮೇಲೆ ಎದ್ದು ನಿಂತ ನಾಲ್ಕು ಕೂದಲು, ಲೋಕದ ಮೇಲೆಲ್ಲ ಸಿಟ್ಟು. ನಾನು ನಿಯಮ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾಗವೇಣಿ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಒಳಗೆ ಒಯ್ದಾಗಿತ್ತು. ಈರುಳ್ಳಿ ಹೆಚ್ಚಿದ ಕತ್ತಿಯನ್ನು ದೇವರ ನೈವೇದ್ಯದ ದಿನ ಮುಟ್ಟದ ಹೆಂಗಸು ಅವಳು. ಮೇಲಿನವರಿಗೆ ಫೋನ್ ಮಾಡಿ ಕೇಳಿದೆ. ಬದುಕಿದರೆ ಸಾಕಿ ಬಿಟ್ಟುಬಿಡಿ ಎಂದರು.

ಬದುಕಬೇಕಾದರೆ ಮೀನು ಬೇಕು. ಕೆರೆಯಲ್ಲಿ ಹಿಡಿಯೋಣವೆಂದರೆ ಬೋರ್ಡಿನ ಕಾವಲಿಗೆ ಕೂತವನು ನಾನೇ. ಕೊನೆಗೆ ಆನಂದಪುರಕ್ಕೆ ಹೋದೆ. ಗುರುತು ಸಿಗದಿರಲಿ ಎಂದು ಹೆಲ್ಮೆಟ್ ತೆಗೆಯದೆಯೇ ಮೀನಿನಂಗಡಿಯ ಮುಂದೆ ನಿಂತೆ. ಮಾರುವ ಹೆಂಗಸು ಸಾರಿಗೋ ಹುರಿಯಲಿಕ್ಕೋ ಎಂದು ಕೇಳಿದಳು. ಕೊಕ್ಕರೆಗೆ ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಾಪ ಅನ್ನಿಸಿತೋ ಏನೋ, ಎರಡು ಬಂಗಡೆ ಹೆಚ್ಚಿಗೆ ಹಾಕಿದಳು. ಹೆಲ್ಮೆಟ್ಟಿನಿಂದ ಪ್ರಯೋಜನವೇನೂ ಆಗಲಿಲ್ಲ, ಏಕೆಂದರೆ ಬೈಕು ನನ್ನದೇ ಆಗಿತ್ತು. ಮೀನು ಮನೆ ಮುಟ್ಟುವ ಮೊದಲೇ ಸುದ್ದಿ ಹೊಸನಗರದ ಮಾವನ ಮನೆಗೆ ಮುಟ್ಟಿ, ಅಲ್ಲಿಂದ ಅತ್ತೆಯ ಫೋನು ಬಂದಿತ್ತು. ಅಳಿಯ ಕೆಟ್ಟುಹೋದನೆಂದು ಆಕೆ ಅಳುತ್ತಿದ್ದುದನ್ನು ನಿಲ್ಲಿಸಲು ನಾಗವೇಣಿ ಮರಿಯ ಕೂಗನ್ನು ಫೋನಿನಲ್ಲೇ ಕೇಳಿಸಬೇಕಾಯಿತು.

ಈಗ ನನ್ನ ಮುಖ್ಯ ತಪ್ಪಿಗೆ ಬರುತ್ತೇನೆ. ನಮ್ಮಿಬ್ಬರಿಗೂ ಮೀನಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಅದರ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತಿನ್ನುವವರ ಬಾಯಲ್ಲಿ ಚಿಕ್ಕಂದಿನಿಂದ ಕೇಳಿದ್ದು ಅದನ್ನೇ. ಮೀನಿನ ರುಚಿ ನಮಗೆ ಗೊತ್ತಿಲ್ಲ, ಅಪಾಯ ಮಾತ್ರ ಗೊತ್ತು. ನಾಗವೇಣಿ ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು, ಹಸಿಯದ್ದು ಹೊಟ್ಟೆ ಕೆಡಿಸೀತೆಂದು ಚಿಟಿಕೆ ಅರಿಶಿನ ಹಾಕಿ ಬೇಯಿಸಿ, ಕನ್ನಡಕ ಏರಿಸಿ, ಫಸ್ಟ್ ಏಡ್ ಡಬ್ಬಿಯ ಚಿಮಟದಲ್ಲಿ ಒಂದೊಂದೇ ಮುಳ್ಳು ತೆಗೆಯುತ್ತಿದ್ದಳು. ತಲೆಯನ್ನೂ ಎಸೆಯುತ್ತಿದ್ದಳು, ಏಕೆಂದರೆ ಅದರ ಕಣ್ಣು ಅವಳನ್ನು ನೋಡುತ್ತಿತ್ತಂತೆ. ನಾನು ಕೊಡೆ ಹಿಡಿದು ನಿಲ್ಲುತ್ತಿದ್ದೆ. ಒಂದು ಹೊತ್ತಿನ ಊಟಕ್ಕೆ ಮುಕ್ಕಾಲು ಗಂಟೆ, ಆಮೇಲೆ ಅವಳಿಗೆ ತಲೆಯ ಮೇಲೆ ಸ್ನಾನ. ದಿನಕ್ಕೆ ನಾಲ್ಕು ಹೊತ್ತು. ಇಷ್ಟು ಕಷ್ಟ ಯಾಕೆ ಎಂದು ಒಮ್ಮೆ ಕೇಳಿದೆ.

"ಮಾತಾಡಲೆ ಬತ್ತಿಲ್ಲೆ ಅದಕ್ಕೆ. ಗಂಟಲಲ್ಲಿ ಸಿಕ್ಕಿದ್ರೆ ಯಾರ ಹತ್ರ ಹೇಳ್ತು?" ಎಂದಳು.

ಚೌಡಪ್ಪ ಇದನ್ನು ಒಂದು ವಾರ ಬೇಲಿಯ ಆಚೆಯಿಂದ ನೋಡಿದ. ಎಂಟನೇ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಹೆಗಡೇರೆ, ಮುಳ್ಳು ತೆಗೀಬೇಡ್ರಿ ಮಾರಾಯ್ರೆ. ಅವು ಇಡೀ ಮೀನೇ ನುಂಗ್ತಾವೆ" ಎಂದ. ಸರಿಯಾಗಿ ಹೇಳಿದ, ಮೆತ್ತಗೆ ಹೇಳಿದ, ಸಮಯಕ್ಕೆ ಸರಿಯಾಗಿ ಹೇಳಿದ. ನನಗೆ ಅದೇಕೋ ಮೈ ಉರಿಯಿತು. ಮೀನು ತಿನ್ನುವುದು ಬೇರೆ, ಮರಿ ಸಾಕುವುದು ಬೇರೆ, ಕಾಡಿನಲ್ಲಿ ನುಂಗುವ ಹಕ್ಕಿಯ ಮಾತು ಬೇರೆ, ಗೂಡಿನಿಂದ ಬಿದ್ದು ಬಳಲಿದ ಶಿಶುವಿನ ಮಾತು ಬೇರೆ ಎಂದು ಅವನಿಗೆ ದೊಡ್ಡ ಭಾಷಣ ಮಾಡಿದೆ. ಅವನು ತಲೆಯಾಡಿಸಿ ಹೋದ. ಮತ್ತೆ ಆ ವಿಷಯ ಎತ್ತಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಮರಿ ಬೆಳೆಯಿತು. ಪುಕ್ಕ ಬಂತು, ಕೊಕ್ಕಿನ ಸುತ್ತ ಅರಿಶಿನದ ಬಣ್ಣ ಬಂತು. ನಾಗವೇಣಿ ಅದನ್ನು ಮಾಣಿ ಎಂದು ಕರೆಯತೊಡಗಿದಳು. ನಮ್ಮಲ್ಲಿ ಗಂಡುಹುಡುಗನಿಗೆ ಹಾಗೆ ಅನ್ನುವುದು. ಅದು ಗಂಡೋ ಹೆಣ್ಣೋ ನೋಡಿದವರಾರು? ಅವಳ ಧ್ವನಿ ಕೇಳಿದರೆ ಸಾಕು, ಮಾಣಿ ಕತ್ತು ಉದ್ದ ಮಾಡಿ ಬಾಯಿ ತೆರೆಯುತ್ತಿತ್ತು. ಆದರೆ ಅದು ಎದ್ದು ನಿಲ್ಲುತ್ತಿದ್ದದ್ದು ಕಡಿಮೆ. ಕಾಲು ಮಡಚಿ ಕೂತೇ ಇರುತ್ತಿತ್ತು. ನಾಗವೇಣಿ ಮುದ್ದು ಹೆಚ್ಚಾಯಿತೆಂದಳು, ನಾನು ಸೋಮಾರಿತನ ಎಂದೆ. ನವರಾತ್ರಿಯಲ್ಲಿ ಮರದ ಮೇಲಿನ ಮರಿಗಳೆಲ್ಲ ರೆಕ್ಕೆ ಬಡಿಯುವಾಗ ನಮ್ಮದೂ ಒಮ್ಮೆ ರೆಕ್ಕೆ ಬಿಚ್ಚಿ, ಮತ್ತೆ ಮಡಚಿಕೊಂಡು ಕೂತಿತು. ಕಲಿಸುವವರಿಲ್ಲದ್ದಕ್ಕೇ ಹೀಗೆ ಎಂದು ನಾನು ನಿರ್ಧರಿಸಿದೆ. ಮರುದಿನ ಬೆಳಿಗ್ಗೆ ಅದನ್ನು ಕೆರೆಯ ಏರಿಯ ಮೇಲೆ ಕೂರಿಸಿ, ಎರಡೂ ಕೈ ಚಾಚಿ ಬಡಿಯುತ್ತಾ ಅದರ ಮುಂದೆ ಆ ಕಡೆಯಿಂದ ಈ ಕಡೆಗೆ ಓಡಿದೆ. ಶಿವಮೊಗ್ಗದಿಂದ ಬಂದಿದ್ದ ಒಂದು ಕುಟುಂಬ ವಿಡಿಯೋ ಮಾಡಿಕೊಂಡಿತು. ಐವತ್ತನಾಲ್ಕು ವರ್ಷದ ಹೊಟ್ಟೆ ಹೊತ್ತು ಓಡಿದ ಅಷ್ಟೂ ಹೊತ್ತು ಮಾಣಿ ನನ್ನನ್ನು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಅದು ಕಾಲು ಊರಲಿಕ್ಕೂ ಆಗದೆ ಕೂತಿತ್ತು ಎಂಬುದು ನೆನಪಾದಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕಾರ್ತಿಕದಲ್ಲಿ ಹಕ್ಕಿಗಳು ಹೊರಡಲು ಶುರುಮಾಡಿದವು. ನಾಗವೇಣಿಗೆ ಒಂದೇ ಚಿಂತೆ, ಇವುಗಳ ಜೊತೆಯಲ್ಲಿ ಮಾಣಿಯೂ ಹೋಗಬೇಕು. ಕಡೆಯ ಗುಂಪು ಎದ್ದ ಮೇಲೆ ಹೋದರೆ ದಾರಿ ತೋರಿಸುವವರಾರು? ದಿನಾ ಸಂಜೆ ಬುಟ್ಟಿಯಲ್ಲಿಟ್ಟುಕೊಂಡು ಏರಿಗೆ ಒಯ್ಯುತ್ತಿದ್ದಳು. ಹೋಗು ಎನ್ನುತ್ತಿದ್ದಳು, ಹೋಗದಿದ್ದಾಗ ವಾಪಸು ತರುತ್ತಿದ್ದಳು. ಒಂದು ದಿನ ಬುಟ್ಟಿಯಿಂದ ಕೆಳಗೆ ಹಾರಿದ್ದಷ್ಟೇ, ಮೊಣಕಾಲೆತ್ತರವೂ ಇಲ್ಲ, ಅದರ ಎಡರೆಕ್ಕೆ ಜೋತುಬಿತ್ತು. ಅವಳು ಬುಟ್ಟಿಗೆ ಹಳೇ ಪಂಚೆ ಹಾಸಿ, ಅದನ್ನು ಮಲಗಿಸಿ ನನ್ನ ಕೈಗೆ ಕೊಟ್ಟಳು. ನಾನೊಬ್ಬನೇ ಬಸ್ಸಿನಲ್ಲಿ ಸಾಗರಕ್ಕೆ ಒಯ್ದೆ. ಬುಟ್ಟಿಯೊಳಗೆ ಏನೆಂದು ಕಂಡಕ್ಟರ್ ಕೇಳಿದಾಗ ಮಾಣಿ ಎಂದುಬಿಟ್ಟೆ. ಅವನು ಇಣುಕಿ ನೋಡಿ, ಅರ್ಧ ಟಿಕೆಟ್ಟೂ ಬೇಡ ಎಂದ.

ಪಶುವೈದ್ಯರು ಬೆರಳಿನಿಂದ ರೆಕ್ಕೆಯನ್ನೂ ಕಾಲನ್ನೂ ಸವರಿ ನೋಡಿದರು. ಏನು ತಿನ್ನಿಸಿದಿರಿ ಎಂದರು. ನಾನು ಹೆಮ್ಮೆಯಿಂದಲೇ ಹೇಳಿದೆ, ಅರಿಶಿನ, ಚಿಮಟ, ಎಲ್ಲವನ್ನೂ. "ಮುಳ್ಳು ತೆಗೆದ್ರೆ ಇದಕ್ಕೆ ಮೂಳೆ ಎಲ್ಲಿಂದ ಬರ್ಬೇಕು ಹೆಗಡೇರೆ?" ಎಂದರು. ಮೂಳೆಗಳೆಲ್ಲ ಮೆತ್ತಗೆ ಉಳಿದಿವೆಯಂತೆ, ಇನ್ನು ಸರಿಯಾಗುವ ಹಂತ ದಾಟಿದೆಯಂತೆ. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಬಸ್ಸಿಳಿದು ಬರುವಾಗ ನಾಗವೇಣಿ ಗೇಟಿನಲ್ಲೇ ನಿಂತಿದ್ದಳು. ಎಂಗೊ ಎಂತಾದರೂ ತಪ್ಪು ಮಾಡಿದ್ವಾ ಎಂದು ಕೇಳಿದಳು. ಅವಳ ಬೆರಳ ತುದಿಗಳಲ್ಲಿ ಮುಳ್ಳು ಚುಚ್ಚಿದ ಕಲೆಗಳಿದ್ದವು. ಇಲ್ಲ, ಅದು ಹುಟ್ಟುವಾಗಲೇ ಹಾಗಿತ್ತಂತೆ, ನಮ್ಮ ಕೈಯಲ್ಲಿ ಏನೂ ಇರಲಿಲ್ಲವಂತೆ ಎಂದೆ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಮಾಣಿ ಮತ್ತೆ ನಾಲ್ಕು ದಿನ ಇತ್ತು. ಅವಳ ಧ್ವನಿಗೆ ಬಾಯಿ ತೆರೆಯುತ್ತಿತ್ತು, ನುಂಗುತ್ತಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಹೋಯಿತು. ಚೌಡಪ್ಪ ಏರಿಯ ಕೆಳಗೆ ಗುಂಡಿ ತೆಗೆದ. ಮುಳ್ಳಿನ ವಿಷಯ ಮನೆಯಲ್ಲಿ ಹೇಳಬೇಡ ಎಂದು ಅವನಿಗೆ ಹೇಳಿದೆ. ಅವನು ಸಲಿಕೆ ತೊಳೆಯುತ್ತಾ, ನಾನ್ಯಾಕೆ ಹೇಳ್ಲಿ, ಅದು ನೀವು ಹೇಳೋ ಮಾತು ಎಂದ. ಆ ಚಳಿಗಾಲ ಬಾತುಗಳು ಬಂದದ್ದನ್ನೂ ಹೋದದ್ದನ್ನೂ ನಾವು ಸರಿಯಾಗಿ ನೋಡಲಿಲ್ಲ. ನಾಗವೇಣಿ ದುಃಖದಲ್ಲಿದ್ದಳು, ಆದರೆ ಆ ದುಃಖದಲ್ಲಿ ತಪ್ಪಿನ ಭಾರ ಇರಲಿಲ್ಲ. ಅದನ್ನು ಕಂಡು ನನ್ನ ಸುಳ್ಳು ದೊಡ್ಡ ಉಪಕಾರ ಮಾಡಿದೆ ಎಂದು ಸಮಾಧಾನಪಟ್ಟುಕೊಂಡೆ.

ಸುಳ್ಳಿಗೂ ಒಂದು ಮಳೆಗಾಲ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಈ ವರ್ಷ ಆಷಾಢದಲ್ಲಿ ಇನ್ನೊಂದು ಮರಿ ಬಿತ್ತು. ನಾನು ಗಸ್ತು ಮುಗಿಸಿ ಬಂದಾಗ ಹಿತ್ತಲಿನ ಒಲೆ ಉರಿಯುತ್ತಿತ್ತು. ಚೌಡಪ್ಪನಿಂದ ಮೀನು ತರಿಸಿಕೊಂಡು ನಾಗವೇಣಿ ಮಣೆಯ ಮೇಲೆ ಕೂತಿದ್ದಳು. ಕನ್ನಡಕ ಹಾಕಿಕೊಂಡಿದ್ದಳು, ಕೈಯಲ್ಲಿ ಚಿಮಟ ಇತ್ತು, ಪಕ್ಕದ ಬಾಳೆಲೆಯಲ್ಲಿ ತೆಗೆದಿಟ್ಟ ಮುಳ್ಳುಗಳು. ಈ ಸಲ ಇನ್ನೂ ಸಣ್ಣ ಮುಳ್ಳುಗಳನ್ನೂ ಬಿಡುತ್ತಿಲ್ಲ ಎಂದು ನನ್ನನ್ನು ನೋಡಿ ಹೇಳಿದಳು. ಮರಿ ಬುಟ್ಟಿಯಲ್ಲಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಬೇಲಿಯ ಆಚೆ ಚೌಡಪ್ಪ ನಿಂತಿದ್ದವನು ನನ್ನ ಮುಖವನ್ನೊಮ್ಮೆ ನೋಡಿ ಕೆರೆಯ ಕಡೆ ನಡೆದುಬಿಟ್ಟ.

"ಮುಳ್ಳು ತೆಗೆಯದು ಬೇಡ. ಅದಕ್ಕೆ ಮುಳ್ಳು ಬೇಕು" ಎಂದೆ.

ಯಾರು ಹೇಳಿದ್ದು ಎಂದು ಕೇಳಿದಳು. ಡಾಕ್ಟರು ಎಂದೆ. ಯಾವಾಗ ಎಂದಳು. ಹೋದ ಕಾರ್ತಿಕದಲ್ಲಿ ಎಂದೆ. ಅವಳು ಚಿಮಟ ಕೆಳಗಿಟ್ಟಳು. ಎಲೆಯ ಮೇಲಿನ ಮುಳ್ಳುಗಳನ್ನು ನೋಡಿದಳು, ತನ್ನ ಬೆರಳುಗಳನ್ನು ನೋಡಿದಳು. ಆಮೇಲೆ ಬೇಯಿಸದ ಒಂದು ಸಣ್ಣ ಮೀನನ್ನು ತಲೆ ಸಮೇತ, ಬಾಲ ಸಮೇತ ಎತ್ತಿ ಮರಿಯ ಬಾಯಿಗೆ ಹಿಡಿದಳು. ಅದು ಒಂದೇ ಸಲಕ್ಕೆ ನುಂಗಿತು. ಗಂಟಲಲ್ಲಿ ಗಂಟೊಂದು ಇಳಿದುಹೋದದ್ದು ನಮಗಿಬ್ಬರಿಗೂ ಕಂಡಿತು. ಮರಿ ಇನ್ನೊಂದು ಬೇಕೆಂದು ಮತ್ತೆ ಬಾಯಿ ತೆರೆಯಿತು.

"ಹಕ್ಕಿಗೆ ಮುಳ್ಳು ನುಂಗಲೆ ಬತ್ತು. ಯಂಗೂ ಬತ್ತಿತ್ತು" ಎಂದು ತನ್ನ ಕಡೆಗೇ ಬೆರಳು ತೋರಿಸಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಆ ಮರಿ ಕಾರ್ತಿಕದ ಮೊದಲ ಗುಂಪಿನಲ್ಲೇ ಹೋಯಿತು. ನಾಗವೇಣಿ ಈಗ ನನ್ನ ಜೊತೆ ಮಾತನಾಡುತ್ತಾಳೆ, ಊಟಕ್ಕೂ ಬಡಿಸುತ್ತಾಳೆ, ಮೊದಲಿನಂತೆಯೇ. ಹೋದ ವಾರ ರಕ್ತ ಪರೀಕ್ಷೆಗೆಂದು ಸಾಗರಕ್ಕೆ ಹೋಗಿದ್ದೆ. ವೈದ್ಯರು ಚೀಟಿಯಲ್ಲಿ ಒಂದಿಷ್ಟು ಬರೆದು, ಮುಂದಿನ ತಿಂಗಳು ಮತ್ತೆ ಬನ್ನಿ ಎಂದರು. ಬಸ್ಸಿನಲ್ಲಿ ಬರುತ್ತಾ, ಅವಳಿಗೆ ಸುಮ್ಮನೆ ಯಾಕೆ ಗಾಬರಿ, ಎಲ್ಲ ಸರಿ ಇದೆಯಂತೆ ಎಂದರಾಯಿತು ಎಂದು ಮಾತನ್ನು ಹೊಂದಿಸಿಕೊಂಡು ಬಂದೆ. ಗೇಟು ತೆರೆದು ನಗುತ್ತಾ ಬಾಯಿ ತೆರೆದೆ. ಅವಳು ಕನ್ನಡಕ ಹಾಕಿಕೊಂಡು, ಚೀಟಿಗಾಗಿ ಕೈ ಚಾಚಿ ನಿಂತಿದ್ದಳು.