ಚುಟ್ಟದ ತಲೆಗೊಂದು ಟೋಪಿ

ದೇವರು ನನಗೆ ದೊಡ್ಡ ವರ ಯಾವುದನ್ನೂ ಕೊಟ್ಟಿಲ್ಲ. ನಾನು ಕೇಳಿದ್ದೂ ಇಲ್ಲ. ಆದರೆ ಸಣ್ಣಪುಟ್ಟದ್ದರಲ್ಲಿ ಅವನು ಎಂದೂ ನನ್ನ ಕೈ ಬಿಟ್ಟವನಲ್ಲ. ಸಾರು ಒಂದು ಕುದಿ ಬಂದ ಮೇಲೆಯೇ ನಮ್ಮನೆ ಗ್ಯಾಸು ಮುಗಿಯುತ್ತದೆ. ಹಪ್ಪಳ ಒಳಗೆ ತಂದಿಟ್ಟ ಮೇಲೆಯೇ ಮಳೆ ಹನಿಯುತ್ತದೆ. ನಿಡಘಟ್ಟದ ನಾದಿನಿ ಬಂದು ಎಂಟು ದಿನ ಇರುತ್ತೇನೆ ಎಂದು ಫೋನು ಮಾಡಿದ ಮಾರನೆಯ ದಿನವೇ ಅವಳ ಎಮ್ಮೆ ಈಯುತ್ತದೆ. ಇಂಥವನ್ನೆಲ್ಲ ದೀಪ ಹಚ್ಚುವಾಗ ಮನಸ್ಸಿನಲ್ಲೇ ನೆನೆದು ಒಂದು ನಮಸ್ಕಾರ ಹಾಕುವುದು ನನ್ನ ಅಭ್ಯಾಸ. ಆ ಪಟ್ಟಿಗೆ ಈಚೆಗೆ ಒಂದು ಚುಟ್ಟವೂ ಸೇರಿತು ಎಂದರೆ ನೀವು ನಗಬಾರದು.

ನಮ್ಮನೆಯವರು ಕೆರಗೋಡು ಕಡೆಯವರು. ಮೀಸೆ ಚಿಗುರುವ ಮೊದಲೇ ಬೀಡಿ ಹಿಡಿದವರು. ಎರಡು ವರ್ಷದ ಹಿಂದೆ ಕೆಮ್ಮು ಹತ್ತಿ, ಎದೆಯಲ್ಲಿ ಹಳೇ ಹಾರ್ಮೋನಿಯಂ ಸದ್ದು ಶುರುವಾದಾಗ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ನೋಡಿ, "ಯಜಮಾನ್ರೇ, ಬೀಡಿ ಬೇಕೋ ಹೆಂಡ್ತಿ ಬೇಕೋ ಹೇಳಿ. ಇನ್ನು ಒಂದು ದಮ್ಮು ಎಳೆದರೂ ಮತ್ತೆ ಇಲ್ಲಿಗೇ ಬರ್ತೀರಿ" ಎಂದರು. ಡಾಕ್ಟರು ಎರಡನೆಯ ಸಲ ಕೇಳಬೇಕಾಯಿತು. ಇವರು ಅಷ್ಟು ಯೋಚನೆಯಲ್ಲಿದ್ದರು. ನಾನು ಅಲ್ಲಿಯೇ ಕುರ್ಚಿಯಲ್ಲಿ ಕೂತು ಹರಕೆ ಹೊತ್ತೆ: ಇವರು ಬೀಡಿ ಬಿಟ್ಟರೆ ಪ್ರತಿ ಸೋಮವಾರ ನೂರೊಂದು ಹೂಬತ್ತಿ ಹಚ್ಚುತ್ತೇನಪ್ಪಾ ಶಿವನೇ. ಇವರು ಬಿಟ್ಟರು. ತಮ್ಮ ಛಲದಿಂದ ಬಿಟ್ಟೆ ಅನ್ನುತ್ತಾರೆ ಅವರು, ನನ್ನ ಬತ್ತಿಯಿಂದ ಅನ್ನುತ್ತೇನೆ ನಾನು. ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಹೀಗಿರುವಾಗ ನಮ್ಮ ಸ್ಕೂಟರು ರಿಪೇರಿ ಮಾಡುವ ರಹೀಮಣ್ಣನಿಗೆ ಬಕ್ರೀದಿಗೆ ಒಂದು ಒಳ್ಳೆಯ ಟಗರು ಬೇಕಾಯಿತು. ಇವರು ಅವನನ್ನು ಟಗರಿಗೆ ಹೆಸರಾದ ಬಂಡೂರಿಗೇ ಕರೆದುಕೊಂಡು ಹೋಗಿ, ನಮ್ಮ ನೆಂಟರ ಮನೆಯಿಂದ ಕೊಡಿಸಿದರು. ಆ ಉಪಕಾರಕ್ಕೆ ರಹೀಮಣ್ಣ ಒಂದು ಭಾನುವಾರ ಮನೆಗೆ ಬಂದು, ನನಗೆ ಒಂದು ಪೊಟ್ಟಣ ಖರ್ಜೂರ, ಇವರಿಗೆ ಎರಡು ದಪ್ಪ ಚುಟ್ಟ ಕೊಟ್ಟ. "ನಮ್ ತಮ್ಮ ದುಬೈಯಿಂದ ತಂದಿದ್ದು ಅಕ್ಕಾ. ಭಾರಿ ಮಾಲು. ನಾನು ಸೇದಲ್ಲ, ಅಣ್ಣಾವ್ರು ಸೇದ್ಲಿ" ಅಂದ. ಪಾಪ, ಅವನಿಗೆ ಹಾರ್ಮೋನಿಯಂ ಕಥೆ ಗೊತ್ತಿಲ್ಲ.

ಅವನು ಗೇಟು ದಾಟುವವರೆಗೆ ತಡೆದುಕೊಂಡಿದ್ದು ಕೇಳಿದೆ: "ಏನ್ರೀ, ಬಿಟ್ಟಿದ್ದೀನಿ ಅಂದ್ರಲ್ಲ?"

"ಬೀಡಿ ಬುಟ್ಟೀನಿ ಅಂದೆ ಕಣಮ್ಮಿ. ಚುಟ್ಟ ಬುಟ್ಟೀನಿ ಅಂತ ಯಾವತ್ತಾರ ಅಂದಿದ್ನಾ? ನಿನ್ ಸಿವನ್ನೇ ಕೇಳು."

ಶಿವನನ್ನು ಕೇಳಲು ನಾನು ಒಳಗೆ ಹೋದೆ. ನಾಳೆಯ ಸೋಮವಾರಕ್ಕೆ ಹತ್ತಿ ಬಿಡಿಸುತ್ತಾ ಕೂತೆನೇ ಹೊರತು ಕಿವಿಯೆಲ್ಲ ಹಿತ್ತಿಲಲ್ಲೇ. ಕಡ್ಡಿ ಗೀರುವ ಸದ್ದು ಕೇಳಿತು. ಮತ್ತೆ ಗೀರಿದರು. ಮತ್ತೂ ಗೀರಿದರು. ಹತ್ತೋ ಹನ್ನೊಂದೋ ಕಡ್ಡಿಯಾದ ಮೇಲೆ ಕೆಮ್ಮು, ಆಮೇಲೆ ಥೂ ಥೂ. ಓಡಿ ಹೋಗಿ ನೋಡಿದರೆ ಇವರು ತುಳಸಿಕಟ್ಟೆಯ ಪಕ್ಕ ನಿಂತು ನಾಲಿಗೆಯಿಂದ ಹೊಗೆಸೊಪ್ಪಿನ ಚೂರು ಕೀಳುತ್ತಿದ್ದಾರೆ. ಬಾಯಿಗಿಟ್ಟಿದ್ದ ಕಡೆ ಎಲೆ ಒದ್ದೆಯಾಗಿ, ಮದುವೆ ಮನೆಯಿಂದ ಬಂದ ಮೇಲೆ ಬಿಚ್ಚಿದ ಪಂಚೆಯ ಹಾಗೆ ಜೋತುಬಿದ್ದಿದೆ. ಇನ್ನೊಂದು ಕಡೆ ಬರೀ ಕರ‍್ರಗೆ ಸುಟ್ಟಿದೆ, ಹೊಗೆಯೇ ಇಲ್ಲ.

"ದುಬೈನೋರು ಮೋಸ ಮಾಡವ್ರೆ ಕಣೆ. ಒಳಗೆ ತೂತೇ ಇಲ್ಲ!"

ನನಗಾದ ಸಂತೋಷ ಹೇಳತೀರದು. ನಾನು ಅಲ್ಲಿಗೇ ಕೈಮುಗಿದು ಒಳಗೆ ಬಂದುಬಿಡಬೇಕಿತ್ತು. ಬರಲಿಲ್ಲ. ಉಳಿದ ಇನ್ನೊಂದು ಚುಟ್ಟವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಒಂದು ಕಡೆ ಬಾಯಿ ತೆರೆದಿದೆ. ಇನ್ನೊಂದು ಕಡೆ, ಮಗುವಿನ ತಲೆಗೆ ಕುಲಾವಿ ಕಟ್ಟಿದ ಹಾಗೆ, ಚಿಕ್ಕ ಎಲೆಚೂರನ್ನು ಗುಂಡಗೆ ಅಂಟಿಸಿದ್ದಾರೆ. ನೋಡಿದ ಕೂಡಲೇ ನನ್ನ ಬೆರಳಿಗೆ ಅರ್ಥವಾಯಿತು. ತಲೆಗೆ ಆಮೇಲೆ. ಹೂಬತ್ತಿ ಮಾಡುವಾಗ ಹತ್ತಿಯನ್ನು ಎಷ್ಟೇ ಚೆನ್ನಾಗಿ ಸುತ್ತಿದರೂ, ಕೊನೆಗೆ ಬೆರಳಿಗೆ ಹಾಲು ಸೋಕಿಸಿಕೊಂಡು ತುದಿ ತಿರುವದಿದ್ದರೆ ಇಡೀ ಬತ್ತಿ ಬಿಚ್ಚಿಕೊಳ್ಳುತ್ತದೆ. ಇದೂ ಅದೇ ಕಸುಬು. ಸುತ್ತಿದ ಎಲೆ ಬಿಚ್ಚದಿರಲಿ, ಚೂರು ನಾಲಿಗೆಗೆ ಬರದಿರಲಿ ಎಂದು ಯಾರೋ ಕಾಣದ ದೇಶದ ಪುಣ್ಯಾತ್ಮರು ಹಾಕಿದ ತುದಿ. ಎಂದಮೇಲೆ ಅದು ಬಾಯಿಗಿಡುವ ಕಡೆ. ಇವರು ಜನ್ಮವಿಡೀ ಬೀಡಿ ಸೇದಿದವರು. ಬೀಡಿಯಲ್ಲಿ ಮಡಚಿ ಮುಚ್ಚಿದ ದಪ್ಪ ತುದಿಗೆ ಬೆಂಕಿ, ಸಣ್ಣ ತುದಿ ಬಾಯಿಗೆ. ಅದೇ ಲೆಕ್ಕದಲ್ಲಿ ಚುಟ್ಟವನ್ನು ತಲೆಕೆಳಗು ಹಿಡಿದು, ಪಾಪ, ಅದರ ತಲೆಗೇ ಕೊಳ್ಳಿ ಇಟ್ಟಿದ್ದಾರೆ.

ಇಷ್ಟು ತಿಳಿದವಳು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷದಲ್ಲಿ ಇವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾದದ್ದು ಅದೇ ಮೊದಲು. ತಡೆಯಲಾಗಲಿಲ್ಲ. ಬತ್ತಿಯೊಂದನ್ನು ತಂದು ಪಕ್ಕದಲ್ಲಿ ಹಿಡಿದು, ಮೇಷ್ಟ್ರ ಹಾಗೆ ವಿವರಿಸಿಬಿಟ್ಟೆ. ಇವರು ಯಾವತ್ತೂ ಇಲ್ಲದ ವಿನಯದಿಂದ ಕೇಳಿಸಿಕೊಂಡು, "ಅಂಗಾರೆ ಈ ಟೋಪಿ ತೆಗುದ್ರೆ ಹೊಗೆ ಬತ್ತದೆ ಅನ್ನು" ಅಂದರು. ಆಗ ನನಗೆ ಎಚ್ಚರವಾಯಿತು. ಅಷ್ಟರಲ್ಲಿ ರಹೀಮಣ್ಣನಿಗೆ ಫೋನು ಹೋಗಿ, ಅವನು ತಮ್ಮನನ್ನು ಕೇಳಿ, ಸ್ಪೀಕರಿನಲ್ಲಿ ಕೂಗಿ ಹೇಳಿಯೂ ಆಯಿತು: "ಅಕ್ಕ ಹೇಳಿದ್ದು ಕರೆಕ್ಟು ಅಣ್ಣಾ! ಆದ್ರೆ ನೆತ್ತಿ ಮಾತ್ರ ಕತ್ತರಿಸ್ಬೇಕಂತೆ. ಟೋಪಿ ಪೂರ್ತಿ ಹೋದ್ರೆ ಮಾಲೆಲ್ಲಾ ಬಿಚ್ಚೋಗ್ತದಂತೆ."

ಇವರು ಅಡಕತ್ತರಿ ಹಿಡಿದು ಬಂದರು. ನನ್ನ ಕಣ್ಣೆದುರು ಮಂಡ್ಯದ ಡಾಕ್ಟರು ಬಂದು ಕೂತರು.

"ಕೊಡಿ ಇಲ್ಲಿ, ನಾನು ಕತ್ತರಿಸ್ತೀನಿ. ನಿಮ್ಮ ಕೈ ನಡುಗುತ್ತೆ" ಅಂದೆ.

ಕೊಟ್ಟರು. ನಾನು ಕಣ್ಣು ಮುಚ್ಚಿ ಶಿವಾ ಎಂದು, ನೆತ್ತಿಯಿಂದ ಒಂದು ಬೆರಳು ಕೆಳಗೆ ಒತ್ತಿಬಿಟ್ಟೆ. ಟೋಪಿ ಪೂರ್ತಿ ಹಾರಿ ತುಳಸಿಕಟ್ಟೆಯ ಬುಡಕ್ಕೆ ಬಿತ್ತು. ಇವರು ಬಾಯಿಗಿಡುವಷ್ಟರಲ್ಲಿ ಮೇಲಿನ ಎಲೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಇವರ ಗಡ್ಡಕ್ಕೆ ಇಳಿಯಿತು. ಇವರು ಅದನ್ನು ನೋಡಿದರು, ಅಡಕತ್ತರಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅಯ್ಯೋ, ಕೈ ತಪ್ಪಿತಲ್ರೀ" ಅಂದೆ.

"ಹೂಂ" ಅಂದರು. ಚೂರನ್ನೆಲ್ಲ ಗುಡಿಸಿ ಗುಲಾಬಿ ಗಿಡದ ಬುಡಕ್ಕೆ ಹಾಕಿ, ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು.

ಸುಳ್ಳು ಹೇಳಿದ್ದು ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಅದೂ ತುಳಸಿಯ ಮುಂದೆ. ಅದಕ್ಕೇ ಮಾರನೆಯ ದಿನ ನೂರೊಂದರ ಜೊತೆಗೆ ತಪ್ಪುಕಾಣಿಕೆ ಅಂತ ಇನ್ನೊಂದು ಬತ್ತಿ ಹೊಸೆಯಲು ಕೂತೆ. ಪಕ್ಕದಲ್ಲಿ ಪೇಪರು ಓದುತ್ತಿದ್ದವರು ಕೇಳಿದರು: "ನೂರೊಂದು ಆಯ್ತಲ್ಲ, ಇದ್ಯಾತಕ್ಕೆ?"

"ಅದು ನನಗೂ ಶಿವನಿಗೂ ಸೇರಿದ ವಿಷಯ."

ಇವರು ಪೇಪರು ಇಳಿಸಲೂ ಇಲ್ಲ. "ಅಂಗಾದ್ರೆ ತುದಿ ವಸಿ ಗಟ್ಟಿಯಾಗಿ ತಿರುವು ಕಣಮ್ಮಿ. ನಿನ್ ಕೈಲಿ ಬಿಚ್ಕೊಳ್ಳೋದು ಜಾಸ್ತಿ."