ಖಾಲಿ ಹೊಟ್ಟೆ ಮತ್ತು ಒಂದು ಚೂರು ಬೆಲ್ಲ

ಊರಿಗೆಲ್ಲ ಪಾಠ ಹೇಳುವವರ ಮಾತನ್ನು ಅವರ ಮೈಯೇ ಕೇಳುವುದಿಲ್ಲ. ನಾನು ಶಿವನಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಒಂಬತ್ತನೇ ತರಗತಿಗೆ ಜೀರ್ಣಕ್ರಿಯೆ ಬೋಧಿಸುವವಳು. ಹಾಗಿದ್ದೂ ನಾಲ್ಕು ತಿಂಗಳು ಮುಟ್ಟು ನಿಂತು, ಗದ್ದದ ಮೇಲೆ ಮೂರು ಕರಿಕೂದಲು ಮೊಳೆತಾಗ ವಯಸ್ಸಾಯಿತೆಂದು ಸುಮ್ಮನಿದ್ದೆ. ನಗಬೇಡಿ, ನನಗಿನ್ನೂ ಮೂವತ್ತೊಂದು. ಕಡೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ, "ಪಿಸಿಓಎಸ್ ಕಣಮ್ಮ, ಅಂಡಾಶಯದ ತೊಂದರೆ. ಹಾರ್ಮೋನು, ಶುಗರ್ರು, ಇನ್ಸುಲಿನ್ನು ಎಲ್ಲಾ ನೋಡ್ಬೇಕು. ಖಾಲಿ ಹೊಟ್ಟೇಲಿ ಬಂದು ರಕ್ತ ಕೊಡು, ರಿಪೋರ್ಟ್ ಬಂದ್ಮೇಲೇ ಮಾತ್ರೆ" ಎಂದರು. ಸಕ್ಕರೆ ಕಾಯಿಲೆಯಿಂದ ನನ್ನಮ್ಮ ಕಾಲಿನ ಎರಡು ಬೆರಳು ಕಳೆದುಕೊಂಡದ್ದನ್ನು ಕಂಡವಳು ನಾನು. ನಿಜವಾಗಿಯೂ ಹೆದರಿದ್ದೆ.

ಆದರೆ ನಮ್ಮತ್ತೆಯ ಮನೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಹೊಸ್ತಿಲು ದಾಟುವ ಪದ್ಧತಿಯೇ ಇಲ್ಲ. ಪರೀಕ್ಷೆಗೋ, ಕೋರ್ಟಿಗೋ, ಎಮ್ಮೆ ಕೊಳ್ಳಲೋ ಹೊರಟವರ ಅಂಗೈಗೆ ಅತ್ತೆ ಕೊಬ್ಬರಿ, ಬೆಲ್ಲ ಇಟ್ಟೇ ಕಳಿಸುವುದು. ನನಗೂ ಇಟ್ಟರು, ನಾನೂ ಬಾಯಿಗೆ ಹಾಕಿಕೊಂಡೆ. ಲ್ಯಾಬಿನ ಹುಡುಗಿ "ಏನಾದ್ರೂ ತಿಂದಿದ್ದೀರಾ ಮೇಡಂ?" ಎಂದಾಗ, "ಏನಿಲ್ಲಮ್ಮ, ಒಂದು ಚೂರು ಬೆಲ್ಲ ಅಷ್ಟೇ" ಎಂದೆ. ಅವಳು ಸೂಜಿ ಕೆಳಗಿಟ್ಟಳು.

ಎರಡನೇ ಸಲ ಅತ್ತೆಗೆ ಬಿಡಿಸಿ ಹೇಳಿದೆ. "ಆಯ್ತು ಕಣೇ, ತಿನ್ಬೇಡ. ಶಾಸ್ತ್ರಕ್ಕೆ ಕೈಯಲ್ಲಿ ಇಟ್ಕೊಂಡ್ಹೋಗು" ಎಂದರು. ಇಟ್ಟುಕೊಂಡೆ. ಬಸ್ಸು ಅಜ್ಜಂಪುರ ದಾಟುವಾಗ, ರಿಪೋರ್ಟಿನಲ್ಲಿ ಏನು ಬರುತ್ತದೋ ಎಂದು ಯೋಚಿಸುತ್ತ ಕೂತಿದ್ದವಳಿಗೆ ನನ್ನ ಬಾಯಿ ಆಡುತ್ತಿರುವುದು ತಿಳಿಯಿತು. ರಕ್ತ ಕೊಡುವ ಬದಲು ಕಡೂರಿನಲ್ಲಿ ತರಕಾರಿ ಕೊಂಡು ವಾಪಸ್ ಬಂದೆ.

ಮೂರನೇ ಸಲ ಅತ್ತೆಯೇ ಕಾವಲಿಗೆ ಬಂದರು. "ನೀನು ಹಸ್ಕೊಂಡಿರುವಾಗ ನಾನೆಂಗೆ ತಿನ್ಲಿ" ಎಂದು ಕಾಫಿಯನ್ನೂ ಮುಟ್ಟಿರಲಿಲ್ಲ. ನನಗೆ ಕಣ್ಣು ತುಂಬಿತು. ಹೇಗೂ ಉಪವಾಸವಿದ್ದಾರಲ್ಲ ಎಂದು ಅವರದೂ ರಕ್ತ ಕೊಡಿಸಿದೆ. ನನ್ನ ಇನ್ಸುಲಿನ್ ಜಾಸ್ತಿ, ಗಂಡು ಹಾರ್ಮೋನು ತುಸು ಜಾಸ್ತಿ, ಸಕ್ಕರೆ ಮಾತ್ರ ಸದ್ಯಕ್ಕೆ ಮಿತಿಯೊಳಗೆ. ಮಾತ್ರೆ, ನಡಿಗೆ ಶುರುವಾದವು. ಮಿತಿ ಮೀರಿದ್ದು ಅತ್ತೆಯ ಸಕ್ಕರೆ.

"ನಿನ್ ಜೊತೆ ಬಂದಿದ್ದಕ್ಕೇ ಅಂಟ್ಕೊಂಡ್ತು ನೋಡು" ಎಂದರು.

"ಅದೇನು ನೆಗಡಿಯಾ ಅತ್ತೆ?" ಎಂದೆ.

ಮೊನ್ನೆ ಅವರ ಮರುಪರೀಕ್ಷೆ. ಪಾಪ, ಬೆಳಗಿನಿಂದ ಒಂದು ತೊಟ್ಟು ಕಾಫಿ ಕೇಳದೆ, ಒಳ್ಳೆ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿದ್ದರು. ಮುಖದಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಅದೇ ಹೆದರಿಕೆ. ಸಂಕಟವಾಯಿತು. "ಏನೂ ಆಗಲ್ಲ ಅತ್ತೆ, ಧೈರ್ಯವಾಗಿ ಹೋಗ್ಬನ್ನಿ" ಎಂದು ಅಂಗೈಗೆ ಕೊಬ್ಬರಿ, ಬೆಲ್ಲ ಇಟ್ಟೆ. ಅವರು ಬಾಯಿಗೆ ಹಾಕಿಕೊಂಡು, ಎರಡು ಸಲ ಅಗಿದು, ಅಲ್ಲಿಗೇ ನಿಲ್ಲಿಸಿ ನನ್ನನ್ನೇ ನೋಡಿದರು.

"ಅಲ್ವೇ, ಮಕ್ಕಳಿಗೆ ಏನ್ ಪಾಠ ಮಾಡ್ತೀನಿ ಅಂದಿದ್ದೆ ನೀನು?"