ಕಾಕಾನ ಸರಹದ್ದು ಮತ್ತು ಗಂಡುಸಿಂಹಗಳು

ಕಿಟಕಿಯೇ ಇಲ್ಲದ ಕೋಣೆಯಲ್ಲಿ ಹೊಟ್ಟೆ ಹೊರೆಯುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಏನೂ ಆಗದೆ ಒಂದು ವಾರ ಕಳೆದರೆ ನಮಗೇ ಅನುಮಾನ ಬರುತ್ತದೆ.

ನಾನು ಹೈದರಾಬಾದಿನ ಒಂದು ಡಬ್ಬಿಂಗ್ ಸ್ಟುಡಿಯೋಕ್ಕೆ ಕನ್ನಡ ಬರೆದುಕೊಡುವವಳು. ಟೀವಿಯಲ್ಲಿ ಆನೆ, ಮೊಸಳೆ, ಹದ್ದುಗಳ ಕಥೆ ಬರುತ್ತದಲ್ಲ, ಅದನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಕೆಲಸ. ಅದನ್ನು ಓದಿ ಹೇಳುವುದು ಕಾಕಾನ ಕೆಲಸ. ಕಾಕಾ ಕಲಬುರಗಿ ಕಡೆಯವರು, ಇಲ್ಲಿನ ಸರಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ವಯಸ್ಸಿನಲ್ಲಿ ಸ್ಟುಡಿಯೋ ಮಾಲೀಕರಿಗಿಂತ ದೊಡ್ಡವರು, ಎಲ್ಲರಿಗೂ ಕಾಕಾ. ಅವರು ದನಿ ಕೊಡುವ ಗಾಜಿನ ಕೋಣೆ ಒಳಗಿದೆ. ಗೋಡೆಗೆಲ್ಲ ಸ್ಪಂಜು. ಬಾಗಿಲು ಮುಚ್ಚಿದರೆ ನಿಮ್ಮ ಉಗುಳು ನೀವು ನುಂಗಿದ ಸದ್ದು ನಿಮಗೇ ಕೇಳುತ್ತದೆ. ಮೊದಲ ದಿನ ನಾನು ಅದರೊಳಗೆ ಐದು ನಿಮಿಷ ನಿಂತು, ಬೆವತು ಹೊರಗೆ ಬಂದಿದ್ದೆ.

ಈಗ ಹೇಳುವುದು ಗಂಡುಸಿಂಹಗಳ ಹತ್ತು ಕಂತು ಬಂದಾಗಿನ ಮಾತು. ಗಂಡುಸಿಂಹ ಒಬ್ಬನೇ ರಾಜ್ಯ ಆಳುವುದು ಕಷ್ಟ. ಅಣ್ಣತಮ್ಮಂದಿರು ಇಬ್ಬರೋ ಮೂವರೋ ಕೂಡಿಕೊಂಡು ಗಡಿ ಹಾಕುತ್ತಾರೆ. ಗಿಡಗಂಟಿಗೆ ಉಚ್ಚೆ ಹೊಯ್ದು ಗುರುತು ಮಾಡುತ್ತಾರೆ, ಒಟ್ಟಿಗೆ ನಿಂತು ಗರ್ಜಿಸುತ್ತಾರೆ. ಗಡಿಯಾಚೆಯ ಗುಂಪು ಆ ಗರ್ಜನೆ ಕೇಳಿ ತಲೆ ಎಣಿಸುತ್ತದೆ. ತಮಗಿಂತ ಕಡಿಮೆ ಎನಿಸಿದರೆ ಮೆಲ್ಲಗೆ ಒಳಗೆ ಬರುತ್ತದೆ. ಹೊಲದ ಬದುವಿಗಾಗಿ ಬಡಿದಾಡಿದ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹತ್ತು ಕಂತಿನ ಮೇಲೆ ಕಾಕಾನ ಕುರ್ಚಿ ನಿಂತಿತ್ತು. ಕೆಲಸ ಕೊಡುವ ಮುಂಬೈಯವರು ದನಿ ಹಳತಾಯಿತು, ವಾಕ್ಯದ ನಡುವೆ ಉಸಿರು ಕಡಿಯುತ್ತಿದೆ ಎಂದಿದ್ದರಂತೆ. "ಈ ಸಿಂಹಗಳು ಮುಗಿಯಲಿ, ಆಮೇಲೆ ನೋಡೋಣ" ಎಂದರು ಮಾಲೀಕರು. ಕಾಕಾ ನನ್ನ ಮುಂದೆ ಒಮ್ಮೆ ಮಾತ್ರ ಬಾಯಿಬಿಟ್ಟರು. "ಹೊರಗ ನನ್ನ ಮಾತು ಯಾರೂ ಪೂರಾ ಕೇಳೂದಿಲ್ರಿ ಅಕ್ಕಾರ. ಈ ಡಬ್ಬಿಯೊಳಗ ಕುಂತ್ರ ಆನಿ ಸೈತ ನಿಂತು ಕೇಳ್ತೈತಿ."

ಮೂರನೆಯ ದನಿ

ಎರಡನೆಯ ಕಂತಿನಲ್ಲಿ ಮೂವರು ಅಣ್ಣತಮ್ಮಂದಿರ ಪೈಕಿ ದೊಡ್ಡವನು ಸತ್ತ. ಗಡಿಯಾಚೆಯವರು ಬಂದು ಅವನ ಬೆನ್ನುಮೂಳೆ ಮುರಿದು ಹೋದರು. ಉಳಿದ ಇಬ್ಬರು ಮರುದಿನ ಹೆಣದ ಹತ್ತಿರ ನಿಂತು ಗರ್ಜಿಸುವ ದೃಶ್ಯ.

ನಮ್ಮ ಸೌಂಡ್ ಎಂಜಿನಿಯರ್ ವರಂಗಲ್ ಕಡೆಯವನು. ಕನ್ನಡ ಬಾರದು. ಆದರೆ ಸೊಳ್ಳೆ ರೆಕ್ಕೆ ಬಡಿದರೂ ಹಿಡಿಯುವ ಕಿವಿ. ಗರ್ಜನೆ ಮುಗಿಯುತ್ತಲೇ ಹೆಡ್‌ಫೋನ್ ತೆಗೆದು ನನ್ನ ಕಡೆ ನೋಡಿದ. "ಮೇಡಂ, ಮೂಡು" ಎಂದು ಮೂರು ಬೆರಳು ಎತ್ತಿದ.

"ಎರಡಲ್ಲೇನಪ್ಪ? ಒಂದು ಸತ್ತುಹೋಯಿತಲ್ಲ" ಎಂದೆ ನನ್ನ ಅರೆಬರೆ ತೆಲುಗಿನಲ್ಲಿ.

ಮತ್ತೆ ಕೇಳಿದೆವು. ಮೂರು. ಮೂರನೆಯದು ಸ್ವಲ್ಪ ತಡವಾಗಿ ಎಲ್ಲೋ ಕೆಳಗಿನಿಂದ ಬರುತ್ತಿತ್ತು, ಎದೆಯೊಳಗೆ ಕಫ ಕಟ್ಟಿದವರ ನರಳಿಕೆಯ ಹಾಗೆ. ಎಂಜಿನಿಯರ್ ಆಫ್ರಿಕಾದಿಂದ ಬಂದ ಮೂಲ ಸದ್ದನ್ನಷ್ಟೇ ಹಾಕಿದ. ಎರಡು. ನಮ್ಮ ಮೈಕಿನದನ್ನೂ ಸೇರಿಸಿದ. ಮೂರು. ಪರದೆಯ ಮೇಲೆ ಸತ್ತ ಸಿಂಹ ಬಾಯಿ ತೆರೆದು ಬಿದ್ದಿತ್ತು. ಅವನು ಸದ್ದು ಬೆರೆಸುವ ಮಿಕ್ಸರಿಗೆ ದೃಷ್ಟಿಗೆಂದು ಕಟ್ಟಿದ ನಿಂಬೆಹಣ್ಣನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾನೂ ಮುಟ್ಟಿದೆ. ವಿಜ್ಞಾನದ ಕಾರ್ಯಕ್ರಮವಾದರೇನು, ನಿಂಬೆಹಣ್ಣು ನಿಂಬೆಹಣ್ಣೇ.

ಇಬ್ಬರೂ ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತ ಹೋಗಿ ಗಾಜಿನ ಕೋಣೆಯ ಬಾಗಿಲು ತೆರೆದೆವು. ಕತ್ತಲಲ್ಲಿ ಕಾಕಾ ಕಣ್ಣು ಮುಚ್ಚಿ ಗದ್ದ ಎದೆಗೆ ಒತ್ತಿಕೊಂಡು ಕೂತಿದ್ದರು. ಪರದೆ ನಿಂತು ಎಷ್ಟೋ ಹೊತ್ತಾಗಿತ್ತು, ಅವರ ಗಂಟಲು ಇನ್ನೂ ಗುರುಗುರು ಎನ್ನುತ್ತಿತ್ತು.

"ಕಾಕಾ, ಏನು ಮಾಡಾಕತ್ತೀರಿ?"

ಕಣ್ಣು ತೆರೆದು ಸ್ವಲ್ಪ ನಾಚಿಕೊಂಡರು. "ಆಚೀ ಗಡಿಯವ್ರು ಎಣಸ್ತಾರಂತ ನೀವ ಬರದೀರಲ್ರಿ ಅಕ್ಕಾರ. ಇಬ್ಬರ ಆದ್ರ ಹ್ಯಾಂಗ ತಡೀತಾರ? ಒಂದು ಲೆಕ್ಕಕ್ಕಿರಲಿ ಅಂತ ನಾನೂ ಕೂಡಿಸಿದೆ."

ಖಾಲಿ ಕೋಣೆಯ ವಾಸನೆ

ನಾಲ್ಕನೆಯ ಕಂತಿನ ಹೊತ್ತಿಗೆ ಮಾಲೀಕರು ಇಬ್ಬರು ಹುಡುಗರನ್ನು ಕರೆಸಿದರು. ರಾಯಚೂರಿನವರು. ಇಲ್ಲಿನ ದಿಲ್‌ಸುಖ್‌ನಗರದಲ್ಲಿ ಜೊತೆಗೆ ಕೋಚಿಂಗ್ ಸೇರಿ, ಜೊತೆಗೆ ಪರೀಕ್ಷೆ ಬರೆದು, ಜೊತೆಗೇ ಫೇಲಾಗಿ ದನಿ ಕೊಡುವ ಕೆಲಸಕ್ಕೆ ಬಂದವರು. ಒಬ್ಬ ಉದ್ದ, ಒಬ್ಬ ಗಿಡ್ಡ. ಉದ್ದನೆಯವನು ಚಹಾ ಕುಡಿದರೆ ಗಿಡ್ಡನೆಯವನು "ಆಹಾ" ಎನ್ನುತ್ತಿದ್ದ. ರಕ್ತಸಂಬಂಧ ಇಲ್ಲದ ಸಿಂಹಗಳೂ ಒಮ್ಮೊಮ್ಮೆ ಹೀಗೆ ಕೂಡಿಕೊಂಡು ಗಡಿ ಹುಡುಕುತ್ತ ಅಲೆಯುತ್ತವೆ ಎಂದು ನಾನು ಆ ವಾರವಷ್ಟೇ ಬರೆದಿದ್ದೆ. ಓದಿದ ಕಾಕಾ ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಮರುದಿನದಿಂದ ಅವರ ನಡವಳಿಕೆಯೇ ಬದಲಾಯಿತು. ಎಲ್ಲರಿಗಿಂತ ಮುಂಚೆ ಬಂದು, ಗಂಟಲಿಗೆಂದು ತರುತ್ತಿದ್ದ ನೀಲಗಿರಿ ಎಣ್ಣೆಯನ್ನು ಕುರ್ಚಿಯ ಕೈಗೆ, ಬಾಗಿಲ ಹಿಡಿಕೆಗೆ, ಮೈಕಿನ ಸ್ಪಂಜಿಗೆ ಸವರತೊಡಗಿದರು. ನಾನು ನೋಡಿ ಸುಮ್ಮನಾದೆ. ಇನ್ನೊಂದು ರೀತಿಯಲ್ಲಿ ಗುರುತು ಮಾಡಲಿಲ್ಲವಲ್ಲ, ಪುಣ್ಯ.

ಹುಡುಗರು ದನಿಯ ಪರೀಕ್ಷೆಗೆಂದು ಮಧ್ಯಾಹ್ನ ಒಳಗೆ ಹೋದವರು ಎರಡೇ ನಿಮಿಷಕ್ಕೆ ಹೊರಗೆ ಬಂದರು. ಮುಖದಲ್ಲಿ ಕಳೆ ಇಲ್ಲ. ಒಳಗೆ ಹೋದರೆ ಯಾರೂ ಇಲ್ಲವಂತೆ, ಆದರೆ ಯಾರೋ ಇದ್ದಾರಂತೆ. ಕುರ್ಚಿ ಬೆಚ್ಚಗಿದೆ. ಗಾಜಿನ ಮೇಲೆ ಉಸಿರಿನ ಮಂಜು. ಹೆಡ್‌ಫೋನ್ ಕಿವಿಗಿಟ್ಟರೆ ಹಿಂದಿನಿಂದ ಯಾರೋ ಬಾಗಿದಂತೆ ಘಾಟು ಬರುತ್ತದೆ.

ಗಿಡ್ಡನೆಯವನು ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕಾರ, ಖರೆ ಹೇಳ್ರಿ. ಆ ಕುರ್ಚಿಮ್ಯಾಲ ಯಾರರ ಸತ್ತಾರೇನ್ರಿ?"

"ಇಲ್ಲಪ್ಪ, ಊಟಕ್ಕೆ ಹೋಗ್ಯಾರ" ಎಂದೆ.

ತಾರ್ನಾಕದ ಗಲ್ಲಿ

ಕಾಕಾನ ಉಸಿರು ನಿಜಕ್ಕೂ ಸಾಲುತ್ತಿರಲಿಲ್ಲ. ನಾನು ಯಾರಿಗೂ ಹೇಳದೆ ವಾಕ್ಯಗಳನ್ನು ಗಿಡ್ಡ ಮಾಡತೊಡಗಿದ್ದೆ. ಎರಡು ಗರ್ಜನೆಯ ನಡುವೆ ಎಷ್ಟು ಸಂದು ಸಿಗುತ್ತದೆ ಎಂದು ಅಳೆದು, ಅಷ್ಟಕ್ಕೇ ಹೊಂದುವ ಮಾತು ಹಾಕಬೇಕು. ಅದಕ್ಕೆ ತಾರ್ನಾಕದ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು, ದೊಡ್ಡ ಸ್ಪೀಕರಿಗೆ ಹಾಕಿ, ಒಂದೇ ಗರ್ಜನೆಯನ್ನು ಎಂಟು ಹತ್ತು ಸಲ ಕೇಳಿದೆ. ಹಾಡಹಗಲು, ಮೂರು ಗಂಟೆ.

ಐದನೆಯ ಸಲಕ್ಕೆ ಏನೋ ಕಡಿಮೆಯಾದಂತೆ ಅನ್ನಿಸಿತು. ತಲೆ ಎತ್ತಿದೆ. ಗಲ್ಲಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ. ಕಾಗೆ ಇಲ್ಲ, ಅಳಿಲು ಇಲ್ಲ. ತರಕಾರಿ ಗಾಡಿಯವನು ಕೂಗುವುದನ್ನು ಮರೆತು ಹಿಂದೆ ನೋಡುತ್ತ ನಿಂತಿದ್ದ. ಗೇಟಿನ ಮುಂದೆ ಸದಾ ಬಿದ್ದಿರುತ್ತಿದ್ದ ನಾಲ್ಕು ನಾಯಿಗಳು ಇರಲಿಲ್ಲ. ಒಂದೂ ಬೊಗಳಿರಲಿಲ್ಲ. ಹುಟ್ಟಿದಾಗಿನಿಂದ ಸಿಂಹವನ್ನೇ ಕಾಣದ ಬೀದಿನಾಯಿಗಳಿಗೆ ಅದು ಏನೆಂದು ಹೇಳಿಕೊಟ್ಟವರು ಯಾರು?

ಮೂರನೆಯ ದಿನ ಕೆಳಮನೆಯ ತೆಲುಗಿನಾಕೆ ನನ್ನನ್ನು ಗೇಟಿಗೆ ಕರೆದಳು. ಗೇಟಿನ ಮುಂದೆ ಐದು ನಾಯಿ, ಕಾಲೆತ್ತಿ ಎತ್ತಿ ಕಂಬಕ್ಕೆ ಸಹಿ ಹಾಕುತ್ತಿದ್ದವು. "ಮೇಡಂ, ಇವಿ ಮನ ಕುಕ್ಕಲು ಕಾದು" ಎಂದಳು, ನಮ್ಮ ನಾಯಿಗಳಲ್ಲ ಎಂದು. ಹಿಂದಿನ ಗಲ್ಲಿಯವು. ನಮ್ಮವು ಜಾಗ ಬಿಟ್ಟಿದ್ದು ತಿಳಿದು ಗಡಿ ದಾಟಿದ್ದವು. "ನಿಮ್ಮ ಸಿಂಹ ನಮ್ಮವನ್ನು ಓಡಿಸಿತು. ಇವನ್ನೂ ಅದೇ ಓಡಿಸಲಿ."

ನ್ಯಾಯವಾದ ಮಾತು. ಬಾಲ್ಕನಿಗೆ ಹೋಗಿ ದನಿ ಪೂರ್ತಿ ಏರಿಸಿ ಗರ್ಜನೆ ಹಾಕಿದೆ. ಐದೂ ನಾಯಿಗಳು ಓಡಲಿಲ್ಲ. ಸಾಲಾಗಿ ನನ್ನ ಬಾಲ್ಕನಿಯ ಕೆಳಗೆ ಬಂದು ಕೂತು, ಕತ್ತು ಓರೆ ಮಾಡಿ, ಕೊನೆಯ ತನಕ ಕೇಳಿದವು. ಆಮೇಲೆ ಒಂದರ ಮುಖ ಒಂದು ನೋಡಿ ಅಲ್ಲೇ ಮಲಗಿದವು.

ಎಣಿಸಿದ್ದವು. ಇರುವುದು ಒಂದೇ ಸ್ಪೀಕರ್ ಎಂದು ಗೊತ್ತಾಗಿತ್ತು.

ಹತ್ತನೆಯ ಕಂತು

ಹತ್ತನೆಯ ಕಂತಿನ ಹೊತ್ತಿಗೆ ನಡುವಿನವನೂ ಸತ್ತು ಕಿರಿಯವನೊಬ್ಬನೇ ಉಳಿದಿದ್ದ. ಕೇಸರ ಹರಿದಿತ್ತು, ಒಂದು ಕಾಲು ಕುಂಟು. ಗಡಿಯಾಚೆಯಿಂದ ಹರೆಯದ ನಾಲ್ಕು ಗಂಡುಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಇವನು ಎತ್ತರದ ಹುಲ್ಲಿನಲ್ಲಿ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಬಿದ್ದುಕೊಂಡ.

ಆ ಮಧ್ಯಾಹ್ನ ಮಾಲೀಕರು ತೀರ್ಮಾನ ಹೇಳಲು ಬರುವವರಿದ್ದರು. ಹುಡುಗರಿಬ್ಬರನ್ನೂ ಕರೆಸಿ ನಮ್ಮ ಪಕ್ಕ ಕೂರಿಸಿದ್ದರು. ಅಂದರೆ ತೀರ್ಮಾನ ಏನೆಂದು ನಮಗೆಲ್ಲ ತಿಳಿದಂತೆಯೇ. ನಾನು ಆ ದೃಶ್ಯಕ್ಕೆ ಹನ್ನೆರಡು ಪುಟ್ಟ ವಾಕ್ಯ ಬರೆದಿದ್ದೆ. ಒಂದಕ್ಕೂ ಉಸಿರು ಕಡಿಯಬಾರದು ಎಂದು ಮನೆಯಲ್ಲಿ ನಾನೇ ಮೂಗು ಹಿಡಿದು ಓದಿ ನೋಡಿದ್ದೆ.

ಕೆಂಪು ದೀಪ ಹತ್ತಿತು. ಎಂಜಿನಿಯರ್ ಬೆರಳು ತೋರಿಸಿದ. ಕಾಕಾ ಮಾತಾಡಲಿಲ್ಲ.

ಮೊದಲ ವಾಕ್ಯದ ಜಾಗ ಹೋಯಿತು. ಎರಡನೆಯದೂ ಹೋಯಿತು. ಗಾಜಿನೊಳಗೆ ಕಾಗದದ ಮೇಲಿನ ಸಣ್ಣ ದೀಪ, ಅದರಡಿ ಕಾಕಾನ ಕೈ, ಅಷ್ಟೇ ಕಾಣುತ್ತಿತ್ತು. ಕೈ ಅಲ್ಲಾಡುತ್ತಿರಲಿಲ್ಲ. ಹೆಡ್‌ಫೋನಿನಲ್ಲಿ ಉಸಿರಾಟ ಕೇಳುತ್ತಿತ್ತು, ನಿಧಾನವಾಗಿ, ಒರಟಾಗಿ. ಅದು ಕಾಕಾನದೋ ಸಿಂಹದ್ದೋ ತಿಳಿಯಲಿಲ್ಲ. ನಾನು ನೋಡುತ್ತಿದ್ದಂತೆ ಆ ಕೈ ಮೆಲ್ಲಗೆ ಸರಿದು ದೀಪವನ್ನೂ ಆರಿಸಿತು.

ಒಳಕ್ಕೆ ಮಾತಾಡುವ ಗುಂಡಿ ಒತ್ತಿದೆ. "ಕಾಕಾ? ಆರಾಮ ಅದೀರಿಲ್ಲೋ?"

"ಶ್ಶ್" ಎಂದು ಸ್ಪೀಕರಿನಿಂದ ಪಿಸುಮಾತು ಬಂತು. "ಅಂವಾ ಒಬ್ಬನ ಅದಾನ. ನಾ ಬಾಯಿಬಿಟ್ರ ಎಲ್ಲೆ ಅದಾನಂತ ಅವಕ್ಕ ತಿಳೀತೈತಿ."

ನಗಬೇಕಾದ ಮಾತು. ಯಾರೂ ನಗಲಿಲ್ಲ. ಪರದೆಯ ಮೇಲೆ ಹುಲ್ಲು ಸರಿದು ಮೊದಲನೆಯ ಗಂಡು ಕಾಣಿಸಿತು. ಎಂಜಿನಿಯರ್ ಕನ್ನಡದ ಒಂದಕ್ಷರ ಗೊತ್ತಿಲ್ಲದೆಯೇ ಕೈಚಾಚಿ ಎಸಿ ಆರಿಸಿದ. ಹುಡುಗರಿಬ್ಬರೂ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತರು. ನಾನೂ ತಲೆ ತಗ್ಗಿಸಿದೆ. ಯಾಕೆಂದು ಇವತ್ತಿಗೂ ಹೇಳಲಾರೆ.

ಆಗ ಬಾಗಿಲು ದಢಾರನೆ ತೆರೆಯಿತು. "ಕ್ಯಾ ಹೋರಾ ಭಾಯ್ ಇಧರ್?" ಎಂದು ಮಾಲೀಕರು ಏರುದನಿಯಲ್ಲಿ ಬಂದರು, ಏನು ನಡೆಯುತ್ತಿದೆ ಇಲ್ಲಿ ಎಂದು.

ಉದ್ದನೆಯವನು, ಇನ್ನೇನು ಕುರ್ಚಿ ಸಿಗಬೇಕಾಗಿದ್ದವನು, ಅವರ ಕೈ ಹಿಡಿದು ಕೆಳಕ್ಕೆ ಜಗ್ಗಿದ. "ಶ್ಶ್! ಕುಂಡ್ರಿ ಸಾರ್, ಕಾಣಸ್ತೀರಿ!"

ಮಾಲೀಕರು ಪರದೆ ನೋಡಿದರು. ಅದೇ ಹೊತ್ತಿಗೆ ಎಲ್ಲಕ್ಕಿಂತ ಮುಂದಿದ್ದ ಗಂಡು ನಿಂತು, ಮೂಗೆತ್ತಿ, ಮುಖವನ್ನು ನೇರ ನಮ್ಮ ಕಡೆ ತಿರುಗಿಸಿತು. ಇಸ್ತ್ರಿ ಮಾಡಿದ ಪ್ಯಾಂಟಿನ ಮಾಲೀಕರು ಹಾಗೇ ಕುಕ್ಕರಗಾಲಲ್ಲಿ ಕೂತರು. ಆ ಹಳದಿ ಕಣ್ಣು ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದೆ ಎಂದೇ ನನಗೆ ಅನ್ನಿಸಿತು. ಎಷ್ಟು ಹೊತ್ತೋ. ಕೊನೆಗೆ ಅದು ತಿರುಗಿ ಹುಲ್ಲಿನೊಳಗೆ ನಡೆಯಿತು, ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.

"ಗಯೇ ಕ್ಯಾ?" ಎಂದು ಮಾಲೀಕರು ಪಿಸುಗುಟ್ಟಿದರು, ಹೋದವಾ ಎಂದು.

ಕತ್ತಲ ಗಾಜಿನಿಂದ ಕಾಕಾನ ದನಿ ಬಂತು. "ಮೂರು ಹೋದ್ವು."

ದೃಶ್ಯ ಅಲ್ಲಿಗೆ ಮುಗಿಯಿತು. ಎಂಜಿನಿಯರ್ ಲೈಟು ಹಾಕಿದ. ಮಾಲೀಕರು ಎದ್ದು ಮೊಣಕಾಲು ಕೊಡವಿಕೊಂಡರು. ಆಮೇಲೆ ಹುಡುಗರಿಗೆ, "ನೀವಿಬ್ಬರೂ ನಾಳೆಯಿಂದ ಮೇಲಿನ ರೂಮಿನಲ್ಲಿ ಸೀರಿಯಲ್ ಮಾಡಿ. ಈ ರೂಮು ಅವರದು. ಮುಂಬೈಯವರಿಗೆ ನಾನು ಹೇಳಿಕೊಳ್ಳುತ್ತೇನೆ" ಎಂದರು. ಹುಡುಗರು ತಲೆಯಾಡಿಸಿದರು, ಅವರ ಮುಖದಲ್ಲೂ ಏನೋ ಹಗುರಾದಂತಿತ್ತು. ನನಗಂತೂ ಕಣ್ಣೀರೇ ಬಂತು. ಧೂಳು ಎಂದು ಒರೆಸಿಕೊಂಡೆ.

ಎಂಜಿನಿಯರ್ ಗಡಿಯಾರ ನೋಡಿ ಗುಂಡಿ ಒತ್ತಿದ. "ಕಾಕಾ, ಅಂತಾ ಓಕೆ. ಇಪ್ಪುಡು ರೆಕಾರ್ಡ್ ಚೇದ್ದಾಮಾ?" ಎಂದ, ಈಗ ಮಾತು ರೆಕಾರ್ಡ್ ಮಾಡೋಣವಾ ಎಂದು.

"ಹುಚ್ಚರೇನ್ರಿ ನೀವು?" ಎಂದರು ಕಾಕಾ, ಇನ್ನೂ ಪಿಸುದನಿಯಲ್ಲೇ. "ಬಂದದ್ದು ನಾಕು, ಹೋದದ್ದು ಮೂರು. ನಾಕನೇದು ಎಲ್ಲೈತಿ?"

ನಾವೆಲ್ಲ ಮತ್ತೆ ನೆಲಕ್ಕೆ ಕೂತೆವು. ಎಲ್ಲರಿಗಿಂತ ಮೊದಲು ಕೂತವರು ಮಾಲೀಕರು.